ಎಂಟನೇ ನಂಬರಿನ ಬೂಟು

ನಾನು ಕೋಪಿಷ್ಠ. ಹಾಗೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ನಾಚಿಕೆಯಾಗುವುದೇನಿದ್ದರೂ ನನ್ನ ಕೋಪ ಹೋಗಿ ಇಳಿಯುವ ಜಾಗದ ಬಗ್ಗೆ. ಕಾರ್ಖಾನೆಯ ಆಫೀಸಿನಲ್ಲಿ ಮ್ಯಾನೇಜರ ಮೇಲೆ ಹುಟ್ಟಿದ ಕೋಪ, ಸೈಕಲ್ ತುಳಿದುಕೊಂಡು ಮಾಗಡಿ ರಸ್ತೆ ದಾಟಿ ರಾಜಾಜಿನಗರದ ನಮ್ಮ ಮನೆ ಸೇರುವಷ್ಟರಲ್ಲಿ ಹೆಂಡತಿ ಮಾಡಿದ ಹುಳಿಯ ಮೇಲೆ ಇಳಿದಿರುತ್ತದೆ. “ಉಪ್ಪು ಸರಿಯಾಗೇ ಇದೆ. ಮ್ಯಾನೇಜರು ಇವತ್ತೇನಂದ್ರು, ಅದು ಹೇಳಿ” ಎನ್ನುತ್ತಾಳೆ ಕಮಲ, ಇನ್ನೊಂದು ಸೌಟು ಬಡಿಸುತ್ತ. ಹೇಳುತ್ತೇನೆ. ಮ್ಯಾನೇಜರಿಗೆ ಹೇಳಬೇಕಾದದ್ದನ್ನೆಲ್ಲ ಹುಳಿಗೆ ಹೇಳಿ ಕೈ ತೊಳೆದುಕೊಳ್ಳುತ್ತೇನೆ.

ಇಂಥವನಿಗೆ ಫುಟ್‌ಬಾಲು ದೇವರು ಕೊಟ್ಟ ಔಷಧಿ. ಆಗ ನಮ್ಮ ಬಡಾವಣೆ ಇನ್ನೂ ಹೊಸದು. ನಾಲ್ಕು ಮನೆ ಎದ್ದರೆ ಹತ್ತು ಸೈಟು ಬರೀ ಗಡಿಕಲ್ಲು. ಹಿಂದೆ ರಾಗಿ ಬೆಳೆಯುತ್ತಿದ್ದ ಒಂದು ಹೊಲವನ್ನು ಸಮ ಮಾಡಿ, ಎರಡು ಕಡೆ ಬಿದಿರಿನ ಗೋಲು ನೆಟ್ಟು, ಸುತ್ತ ಕಳ್ಳಿಬೇಲಿ ಹಾಕಿ ನಮ್ಮ ಫುಟ್‌ಬಾಲ್ ಸಂಘ ನಡೆಯುತ್ತಿತ್ತು. ಆಡುವವರು ಹೆಚ್ಚಾಗಿ ಮಿಲ್ಲಿನವರು, ಕಾರ್ಖಾನೆಯವರು. ನೋಡುವವರು ಉಳಿದವರೆಲ್ಲ. ಭಾನುವಾರ ಸಾಯಂಕಾಲ ಗೆರೆಯ ಪಕ್ಕ ನಿಂತು ನಾನು ರೆಫರಿಯನ್ನು ಬೈದರೆ ಅತ್ತಿಗುಪ್ಪೆಯವರೆಗೂ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ರೆಫರಿ ತಿರುಗಿ ಬೈಯುವ ಹಾಗಿಲ್ಲ, ಅವನ ಬಾಯಲ್ಲಿ ಸೀಟಿ. ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆ ಒಂದೂವರೆ ಗಂಟೆಯಿಂದಾಗಿ ಸೋಮವಾರದ ಹುಳಿ ನನಗೆ ರುಚಿಯಾಗಿರುತ್ತಿತ್ತು.

ಈ ಸುಖಕ್ಕೆ ಕಲ್ಲು ಹಾಕಿದವರು ಸಂಘದ ಅಧ್ಯಕ್ಷರಾದ ಚಿಕ್ಕರಂಗಪ್ಪನವರು. ಹೊಲ ಮಾರಿ ಮರದ ಡಿಪೋ ಇಟ್ಟಿದ್ದ ಶ್ರೀಮಂತರು. ಬಡಾವಣೆಯಲ್ಲಿ ಮೊದಲು ಕಾರು ತಂದವರು. ಚೆಂಡನ್ನು ಅವರು ಒದ್ದದ್ದನ್ನು ಯಾರೂ ನೋಡಿಲ್ಲ, ಆದರೆ ಚೆಂಡಿನ ಪಕ್ಕದಲ್ಲಿ ಕೂತು ಅವರು ತೆಗೆಸಿಕೊಂಡ ಫೋಟೋ ಸಂಘದ ಕೋಣೆಯಲ್ಲಿ ಆರು ಇದ್ದವು. ಆಟದ ಮೈದಾನಕ್ಕೆ ಅವರು ಬರುತ್ತಿದ್ದುದು ಭಾಷಣಕ್ಕೆ.

ಆ ವರ್ಷ ಲೀಗಿನವರಿಂದ ಕಾಗದ ಬಂತು. ಇನ್ನು ಮುಂದೆ ಬರಿಗಾಲಲ್ಲಿ ಆಡುವ ಹಾಗಿಲ್ಲ, ಬೂಟು ಕಡ್ಡಾಯ. ನಮ್ಮ ಹುಡುಗರೆಲ್ಲ ಹುಟ್ಟಿದಾಗಿನಿಂದ ಬರಿಗಾಲಲ್ಲಿ ಆಡಿದವರು. ಆದರೂ ಯಾರೂ ತಕರಾರು ಮಾಡಲಿಲ್ಲ. ಕಲಿತರಾಯಿತು ಎಂದರು. ಅಷ್ಟರಲ್ಲಿ ಚಿಕ್ಕರಂಗಪ್ಪನವರು ಎದ್ದು, “ಹನ್ನೊಂದು ಜೊತೆ ಬೂಟು ನಂದು” ಎಂದು ಘೋಷಿಸಿಬಿಟ್ಟರು. ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಆ ಚಪ್ಪಾಳೆ ಈಗಲೂ ಕೈ ಉರಿಸುತ್ತದೆ. ನಮ್ಮ ಕಾರ್ಯದರ್ಶಿ ನಂಜುಂಡಯ್ಯ ಮೇಷ್ಟರು ಮೆಲ್ಲಗೆ, “ಸಾರ್, ಎಲ್ಲರ ಕಾಲಿನ ಅಳತೆ ತಗೊಂಡು ಕೊಡ್ತೀನಿ” ಎಂದರು. ಅಧ್ಯಕ್ಷರು ಕೈಯಾಡಿಸಿ, “ಅಳತೆ ಯಾಕ್ರೀ? ನಂದು ಎಂಟನೇ ನಂಬರು. ಎಂಟು ಎಲ್ಲಾರ್ಗೂ ಆಗ್ತದೆ” ಎಂದರು.

ಬೂಟು ಸಮರ್ಪಣೆಯ ಸಮಾರಂಭಕ್ಕೆ ಮೈದಾನದಲ್ಲಿ ಚಪ್ಪರ ಎದ್ದಿತು. ಮಾವಿನ ತೋರಣ, ಮೈಕು, ಬಾಡಿಗೆ ಕುರ್ಚಿ. ಮೇಜಿನ ಮೇಲೆ ಜರಿಯಂಚಿನ ಬಟ್ಟೆ ಹಾಸಿ ಹನ್ನೊಂದು ಜೊತೆ ಬೂಟುಗಳನ್ನು ಸಾಲಾಗಿ ಇಟ್ಟಿದ್ದರು. ಪುರೋಹಿತರು ಚರ್ಮಕ್ಕೆ ಕುಂಕುಮ ಇಡುವುದಿಲ್ಲ ಎಂದು ಹಟ ಹಿಡಿದು, ಕೊನೆಗೆ ಬೂಟು ಬಂದ ರಟ್ಟಿನ ಪೆಟ್ಟಿಗೆಗೆ ಇಟ್ಟರು. ಅಧ್ಯಕ್ಷರು ದಾನದ ಮಹಿಮೆಯ ಬಗ್ಗೆ ಮಾತಾಡಿದರು. ಕರ್ಣನಿಂದ ಶುರುವಾದ ದಾನ ಅವರವರೆಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ಸೌಹಾರ್ದ ಪಂದ್ಯಕ್ಕೆಂದು ಕೆಂಗೇರಿಯಿಂದ ಲಾರಿಯಲ್ಲಿ ಬಂದಿದ್ದ ತಂಡದವರು ಬಿಸಿಲಲ್ಲಿ ಕೂತು ಹುಲ್ಲು ಕೀಳುತ್ತಿದ್ದರು.

ಇಲ್ಲಿ ಮುನಿರಾಜುವಿನ ವಿಷಯ ಹೇಳಬೇಕು. ಅವನು ನಮ್ಮ ತಂಡದ ಫಾರ್ವರ್ಡು. ಮಿಲ್ಲಿನಲ್ಲಿ ಬದಲಿ ಕೆಲಸ, ಅಂದರೆ ಯಾರಾದರೂ ರಜಾ ಹಾಕಿದರೆ ಆ ದಿನ ಕೂಲಿ, ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್ಸು. ಮನೆಯಲ್ಲಿ ತಾಯಿ, ಮದುವೆಗೆ ಬಂದ ತಂಗಿ. ಅವನ ಕಾಲು ಮುಂದೆ ಮೊರದ ಹಾಗೆ ಅಗಲ. ಐದು ಬೆರಳೂ ಒಂದಕ್ಕೊಂದು ಮಾತು ಬಿಟ್ಟ ದಾಯಾದಿಗಳ ಹಾಗೆ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು. ಆ ಕಾಲಿಗೆ ಚೆಂಡು ಸಿಕ್ಕಿದರೆ ಅಂಟಿಕೊಂಡೇ ಹೋಗುತ್ತಿತ್ತು. ಒಂದು ದೊಡ್ಡ ಕಾರ್ಖಾನೆಯವರು ತಮ್ಮ ತಂಡಕ್ಕೆ ಆಟಗಾರರನ್ನು ಹುಡುಕುತ್ತಿದ್ದರು. ಲೀಗಿನ ಮೊದಲ ಪಂದ್ಯಕ್ಕೆ ಅವರ ಸಾಹೇಬರೊಬ್ಬರು ಮುನಿರಾಜುವಿನ ಆಟ ನೋಡಲು ಬರುವುದಾಗಿ ಹೇಳಿದ್ದರು. ಹಿಡಿಸಿದರೆ ಕಾಯಂ ಕೆಲಸ. ಅವನಿಗಿಂತ ಹೆಚ್ಚಾಗಿ ನಮಗೇ ಅದರ ಕನಸು ಬೀಳುತ್ತಿತ್ತು.

ಅಂಥ ಕಾಲನ್ನು ಎಂಟನೇ ನಂಬರಿಗೆ ತುರುಕಲು ಇಬ್ಬರು ಬೇಕಾದರು. ಒಬ್ಬ ಹಿಮ್ಮಡಿ ಒತ್ತಿದ, ಇನ್ನೊಬ್ಬ ಲಾಡಿ ಎಳೆದ. ಇತ್ತ ಗೋಲು ಕಾಯುವ ನಮ್ಮ ಗೋಲಿ ತನ್ನ ಪಾದ ಸಣ್ಣದೆಂದು ಅರ್ಧ ದಿನಪತ್ರಿಕೆಯನ್ನು ಬೂಟಿನೊಳಗೆ ತುಂಬಿಕೊಂಡಿದ್ದ. ಆಟ ಶುರುವಾಯಿತು ಎನ್ನುವುದು ಸುಳ್ಳು. ಕೆಂಗೇರಿಯವರು ಆಡಿದರು, ನಮ್ಮವರು ನಡೆದರು. ನಮ್ಮ ಹುಡುಗರು ಕೆಸರಿನಲ್ಲಿ ಕೋಳಿ ಓಡಾಡಿದ ಹಾಗೆ ಕಾಲೆತ್ತೆತ್ತಿ ಇಡುತ್ತಿದ್ದರು. ಹಾಫ್ ಟೈಮಿಗೆ ನಮ್ಮ ಮೇಲೆ ಎರಡು ಗೋಲು ಬಿದ್ದಿದ್ದವು. ಮುನಿರಾಜು ಬೂಟು ಬಿಚ್ಚಿದಾಗ ಕಾಲುಚೀಲ ಕೆಂಪಾಗಿತ್ತು. ನಾನು ಕಣ್ಣಾರೆ ನೋಡಿದೆ. ಅವನು ಬೂಟಿನ ಮಣ್ಣೊರೆಸಿ, ಜೋಡಿಸಿ ಗೆರೆಯಾಚೆ ಇಟ್ಟು, ಗಾಯಕ್ಕೆ ಒಂದು ಬಟ್ಟೆಚೂರು ಸುತ್ತಿಕೊಂಡು ಬರಿಗಾಲಲ್ಲಿ ಒಳಗೆ ಹೋದ. ಸೌಹಾರ್ದ ಪಂದ್ಯ ತಾನೇ, ರೆಫರಿಯೂ ಸುಮ್ಮನಿದ್ದ. ಹತ್ತೇ ನಿಮಿಷದಲ್ಲಿ ಎರಡು ಗೋಲು! ಎರಡನೆಯದಕ್ಕೆ ಕೆಂಗೇರಿಯ ಗೋಲಿಯೇ “ಭಲೇ!” ಎಂದ.

ಚಿಕ್ಕರಂಗಪ್ಪನವರು ಪಂಚೆ ಎತ್ತಿ ಹಿಡಿದು ಮೈದಾನದ ನಡುವಿಗೆ ನಡೆದುಬಂದರು. ಆಟದ ಗೆರೆಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು.

“ನಿಲ್ಸಿ ಆಟಾನ! ಏನ್ಲಾ, ಇಷ್ಟು ಜನದ ಮುಂದೆ ನನ್ನ ಬೂಟು ಮಣ್ಣಲ್ಲಿ ಮಡಗ್ತೀಯಾ?”

“ಕಾಲು ಹಿಡಿಸ್ಲಿಲ್ಲ ಸಾರ್. ನೆತ್ರ ಬಂತು” ಎಂದ ಮುನಿರಾಜು.

“ನಮಗೇನು ಕಾಲಿಲ್ವಾ? ನಾವು ಬೂಟು ಹಾಕಲ್ವಾ? ಬರವಣಿಗೇಲಿ ಕ್ಷಮಾಪಣೆ ಕೊಡು. ಅಲ್ಲೀವರ್ಗೂ ಈ ಸಂಘದ ಚೆಂಡು ಮುಟ್ಟಬೇಡ!”

ಪಂದ್ಯ ಅಲ್ಲಿಗೇ ನಿಂತಿತು. ಕೆಂಗೇರಿಯವರು ಉಪ್ಪಿಟ್ಟು ತಿಂದು ಲಾರಿ ಹತ್ತಿದರು. ಅತ್ತಿಗುಪ್ಪೆಯವರೆಗೆ ಕೇಳುವ ನನ್ನ ಬಾಯಿ ಆಗ ಎಲ್ಲಿತ್ತು ಎಂದು ನೀವು ಕೇಳಬಹುದು. ಮುಚ್ಚಿಕೊಂಡಿತ್ತು. ನಮ್ಮ ಮನೆಯ ತೊಲೆಗಳು ಅವರ ಡಿಪೋದಿಂದ ಬಂದವು, ಬೀದಿಯಲ್ಲಿ ಎದುರಾದರೆ ಅವರು ನನ್ನ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಇಂಥ ಸಣ್ಣ ಸಣ್ಣ ಕಾರಣಗಳೇ ದೊಡ್ಡ ಬಾಯಿಗೆ ಬೀಗವಾಗುವುದು.

ಮರುದಿನ ಸಾಯಂಕಾಲ ಮುನಿರಾಜು ನಮ್ಮ ಮನೆ ಬಾಗಿಲಿಗೆ ಬಂದ. ಅವನಿಗೆ ರುಜು ಹಾಕುವುದಷ್ಟೇ ಗೊತ್ತು. “ಸಾರ್, ನಿಮ್ಮ ಅಕ್ಷರ ಚೆನ್ನಾಗದೆ ಅಂತಾರೆ. ತಪ್ಪಾಯ್ತು ಅಂತ ಒಂದು ಕಾಗದ ಬರೆದುಕೊಡಿ. ಮುಂದಿನ ವಾರ ಆ ಸಾಹೇಬ್ರು ಬತ್ತಾರೆ” ಎಂದ. ಕಮಲ ಅವನಿಗೆ ಕಾಫಿ ಕೊಟ್ಟಳು. ನಾನು ಬರೆಯಲು ಕೂತೆ.

ಮೊದಲ ಸಾಲು ಸರಿಯಾಗಿಯೇ ಬಂತು. “ಮಹಾಸ್ವಾಮಿ, ತಮ್ಮ ಪಾದಾರವಿಂದಗಳಿಗೆ” ಎಂದು ಬರೆದೆ. ಪಾದ ಎಂದು ಬರೆದದ್ದೇ ತಡ, ಆ ಕೆಂಪು ಕಾಲುಚೀಲ ಕಣ್ಣಿಗೆ ಕಟ್ಟಿತು. ಆಮೇಲೆ ಪೆನ್ನು ನನ್ನ ಮಾತು ಕೇಳಲಿಲ್ಲ. “ನನ್ನ ಕಾಲನ್ನು ದೇವರು ಕೊಟ್ಟ, ಬೂಟನ್ನು ತಾವು ಕೊಟ್ಟಿರಿ. ಎರಡರಲ್ಲಿ ಒಂದು ಅಳತೆ ತಪ್ಪಿದೆ. ದೇವರನ್ನು ತಿದ್ದುವಷ್ಟು ದೊಡ್ಡವನು ನಾನಲ್ಲ” ಎಂದು ಬರೆದೆ. “ತಮಗೆ ಬೇಕಾಗಿರುವುದು ಆಟಗಾರರಲ್ಲ, ತಮ್ಮ ಬೂಟು ಸಿಕ್ಕಿಸಿಡಲು ಹನ್ನೊಂದು ಗೂಟಗಳು” ಎಂದೂ ಬರೆದೆ. “ತನ್ಮೂಲಕ ತಾವು ಸಂಘಕ್ಕೆ ಮಾಡಿರುವ ಉಪಕಾರವನ್ನು ಕುಂಟುತ್ತ ಸ್ಮರಿಸುತ್ತೇನೆ” ಎಂದು ಮುಗಿಸಿದೆ. ಎರಡು ಪುಟ! ಮ್ಯಾನೇಜರಿಗೆ ಹೇಳದೆ ಉಳಿದದ್ದು, ಮನೆ ಕಟ್ಟಿದ ಮೇಸ್ತ್ರಿಗೆ, ಬಸ್ ಕಂಡಕ್ಟರಿಗೆ ಹೇಳದೆ ಉಳಿದದ್ದು ಎಲ್ಲ ಅದರಲ್ಲಿತ್ತು. ಓದಿಕೊಂಡರೆ ನನಗೇ ರೋಮಾಂಚನ. ಕಾಗದ ಅವನ ಮುಂದಿಟ್ಟು, “ಇಲ್ಲಿ ರುಜು ಹಾಕು” ಎಂದೆ. “ಚೆನ್ನಾಗಿ ಬಂದಿದೆಯಾ ಸಾರ್?” ಎಂದು ಕೇಳಿದ. “ಬಹಳ ಚೆನ್ನಾಗಿ ಬಂದಿದೆ” ಎಂದೆ. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದ.

ಬುಧವಾರ ಸಂಘದ ಕೋಣೆಯಲ್ಲಿ ಸಭೆ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮುನಿರಾಜು ಕೈಮುಗಿದು ನಿಂತಿದ್ದ. ನಂಜುಂಡಯ್ಯ ಮೇಷ್ಟರು ಕಾಗದ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. ಗೂಟದ ಸಾಲು ಬರುವಷ್ಟರಲ್ಲಿ ಅವರ ದನಿ ಇಳಿದಿತ್ತು. “ಪೂರ್ತಿ ಓದ್ರೀ!” ಎಂದರು ಅಧ್ಯಕ್ಷರು. ಓದಿದರು. ತನ್ನ ಹೆಸರಿನ ಕಾಗದವನ್ನು ಮುನಿರಾಜು ಕೇಳಿದ್ದು ಅದೇ ಮೊದಲು. ಮುಗಿದ ಕೈ ಮುಗಿದ ಹಾಗೆಯೇ ಇತ್ತು. ಒಂದೇ ಒಂದು ಸಲ ಹಿಂತಿರುಗಿ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ಆರು ಫೋಟೋಗಳನ್ನು ಎಣಿಸುತ್ತಿದ್ದೆ.

“ಈ ವರ್ಷ ಪೂರ್ತಿ ಇವ್ನು ಆಡೋ ಹಾಗಿಲ್ಲ” ಎಂದು ಅಧ್ಯಕ್ಷರು ಮೇಜು ಗುದ್ದಿದರು. ಆಗಲೂ ಅವನು, ಇದು ನಾನು ಬರೆದದ್ದಲ್ಲ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬೀದಿ ಕೊನೆಯ ನಲ್ಲಿಯಲ್ಲಿ ಬಿಂದಿಗೆ ತುಂಬಿಸುತ್ತಿದ್ದಾಗ ಅವನು ಬಂದು ಎದುರಿಗೆ ನಿಂತ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳದ ವಿದ್ಯೆ ನನಗೆ ಗೊತ್ತಿದೆ, ಉತ್ತರ ಕೊಡಬಹುದಿತ್ತು.

“ಸಾರ್, ಅದ್ರಲ್ಲಿ ಬರೆದಿದ್ದೆಲ್ಲ ನಿಜಾನೇ” ಎಂದ. “ಆದ್ರೆ ಕೋಪ ನಿಮ್ದು, ಕೆಲಸ ನಂದು ಹೋಯ್ತಲ್ಲ ಸಾರ್. ನೀವೂ ಅಲ್ಲೇ ಕೂತಿದ್ರಿ.”

ಬಿಂದಿಗೆ ತುಂಬಿ ನೀರು ನನ್ನ ಕಾಲ ಮೇಲೆ ಹರಿಯಿತು. ಮನೆಗೆ ಬಂದು ಕಮಲಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಆಫೀಸಿಗೆ ರಜಾ ಹಾಕಿ. ಮೊದ್ಲು ಡಿಪೋಗೆ ಹೋಗಿ ಬನ್ನಿ. ಊಟ ಆಮೇಲೆ” ಎಂದಳು. ಅವಳ ಕೋಪಕ್ಕೆ ದನಿಯೇ ಬೇಕಾಗುವುದಿಲ್ಲ.

ಡಿಪೋದಲ್ಲಿ ಚಿಕ್ಕರಂಗಪ್ಪನವರು ದಿಮ್ಮಿಗಳ ನಡುವೆ ಕುರ್ಚಿ ಹಾಕಿಕೊಂಡು ಎಲೆಅಡಿಕೆ ಮೆಲ್ಲುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತು, “ಸಾರ್, ಆ ಕಾಗದ ಬರೆದದ್ದು ನಾನು. ಮುನಿರಾಜುಗೆ ಅದರಲ್ಲಿ ಏನಿದೆ ಅಂತಲೂ ಗೊತ್ತಿರಲಿಲ್ಲ” ಎಂದೆ.

“ಗೊತ್ತು” ಎಂದರು ಅವರು.

“ಗೊತ್ತಾ?”

“ತನ್ಮೂಲಕ ಅನ್ನೋ ಮಾತು ಮುನಿರಾಜನ ಬಾಯಲ್ಲಿ ಬತ್ತದೇನ್ರೀ? ನಿಮ್ಮ ಅಕ್ಷರ ನಮ್ಮ ಆಹ್ವಾನ ಪತ್ರಿಕೇಲಿ ನೋಡಿಲ್ವಾ ನಾನು?”

“ಗೊತ್ತಿದ್ದೂ ಅವನನ್ನ ಯಾಕೆ ಸಾರ್ ಹೊರಗೆ ಹಾಕಿದ್ರಿ?”

“ರುಜು ಅವ್ನದು” ಎಂದು ಎಲೆಯ ತೊಟ್ಟು ಕಿತ್ತೆಸೆದರು.

ಆ ಕ್ಷಣದ ನನ್ನ ಕೋಪ ಎಷ್ಟಿತ್ತೆಂದರೆ, ಡಿಪೋದ ಹಸಿ ದಿಮ್ಮಿಗಳೂ ಹೊತ್ತಿಕೊಳ್ಳಬೇಕಿತ್ತು. ಇಂದಿಗೂ ಅದು ಆರಿಲ್ಲ. ಆದರೆ ಮುನಿರಾಜುವಿನ ಮಾತು ನೆನಪಿತ್ತು. ಹಲ್ಲು ಕಚ್ಚಿಕೊಂಡು, “ಹಾಗಾದ್ರೆ ಒಂದು ಕಾಗದ ಕೊಡಿ, ನಾನೇ ಬರೆದೆ ಅಂತ ನನ್ನ ರುಜು ಹಾಕ್ತೀನಿ. ಶಿಕ್ಷೆ ನನಗೆ ಕೊಡಿ” ಎಂದೆ. ಅವರು ನನ್ನನ್ನು ಮರದ ಗಂಟು ನೋಡುವ ಹಾಗೆ ನೋಡಿದರು. ಕೊನೆಗೆ ತೀರ್ಪಾಯಿತು. ಮುನಿರಾಜು ಆಡಬಹುದು, ಲೀಗಿಗೆ ಯಾವ ಬೂಟಾದರೂ ಸರಿ. ನಾನು ಆ ವರ್ಷವೆಲ್ಲ ಮೈದಾನದ ಒಳಗೆ ಕಾಲಿಡುವ ಹಾಗಿಲ್ಲ. ಅಲ್ಲೇ ಬರೆದುಕೊಟ್ಟು ರುಜು ಹಾಕಿದೆ. ಅಕ್ಷರ ಮುನಿರಾಜುವಿನದಕ್ಕಿಂತ ಕೆಟ್ಟದಾಗಿ ಬಂತು.

ಸಂಜೆ ಮುನಿರಾಜುವನ್ನು ಮಾಗಡಿ ರಸ್ತೆಯ ಚಮ್ಮಾರರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾಲನ್ನು ಒಂದು ಹಾಳೆಯ ಮೇಲೆ ಇಡಿಸಿ, ಸುತ್ತ ಗೆರೆ ಎಳೆದು, “ಇದು ಕಾಲಲ್ಲಪ್ಪ, ಭೂಪಟ” ಎಂದು ನಕ್ಕರು. ಮುನಿರಾಜುವೂ ನಕ್ಕ. ನಾಲ್ಕೇ ದಿನದಲ್ಲಿ ಮುಂದೆ ಅಗಲವಾದ, ಒಳ್ಳೆ ಬಾತುಕೋಳಿಯಂಥ ಬೂಟು ತಯಾರಾಯಿತು. ಅದನ್ನು ಹಾಕಿಕೊಂಡು ಅವನು ದಿನಾ ಬೆಳಿಗ್ಗೆ ಖಾಲಿ ಸೈಟುಗಳಲ್ಲಿ ಓಡಿ ಅಭ್ಯಾಸ ಮಾಡಿದ.

ಲೀಗಿನ ಮೊದಲ ಪಂದ್ಯ ನಮ್ಮ ಮೈದಾನದಲ್ಲೇ. ನಾನು ಮನೆಯಲ್ಲೇ ಕೂತು ಅನ್ನದಲ್ಲಿ ಕಲ್ಲು ಹುಡುಕುತ್ತಿದ್ದೆ. “ಬೇಲಿಯಿಂದಾಚೆ ರಸ್ತೆ ಇದೆಯಲ್ಲ, ಅದೇನು ಅವರದಾ? ಹೋಗಿ ನಿಂತ್ಕೊಳ್ಳಿ” ಎಂದು ಕಮಲ ಅಟ್ಟಿದಳು. ಹೋಗಿ ನಿಂತೆ. ಕಳ್ಳಿಯ ಸಂದಿಯಲ್ಲಿ ಅರ್ಧ ಮೈದಾನವಷ್ಟೇ ಕಾಣುತ್ತಿತ್ತು. ಆ ಅರ್ಧದಲ್ಲೇ ಮುನಿರಾಜು ಚೆಂಡು ಹಿಡಿದು, ಇಬ್ಬರನ್ನು ತಪ್ಪಿಸಿ, ಮೂಲೆಗೆ ಒದ್ದ. ಗೋಲು! ಕೊಡೆ ಹಿಡಿದು ಕೂತಿದ್ದ ಕಾರ್ಖಾನೆಯ ಸಾಹೇಬರು ಎದ್ದು ನಿಂತದ್ದೂ ಕಾಣಿಸಿತು. ಮುಂದಿನ ತಿಂಗಳು ಅವನು ಕಾಯಂ ಆದನೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಕ್ಷಣಕ್ಕೆ ಮಾತ್ರ ನಾನು ಕಳ್ಳಿಮುಳ್ಳು ಲೆಕ್ಕಿಸದೆ ಕೂಗಿದೆ.

ಹಿಂದೆ ಕಾರು ನಿಂತ ಸದ್ದು. ಚಿಕ್ಕರಂಗಪ್ಪನವರು ಕಿಟಕಿಯಿಂದ ತಲೆ ಹೊರಹಾಕಿದರು. ಅವರಿಗೆ ಹೇಳಬೇಕಾದದ್ದನ್ನು ನಾನು ಹತ್ತು ದಿನದಿಂದ ಸೈಕಲ್ ಮೇಲೆ ಬಾಯಿಪಾಠ ಮಾಡಿದ್ದೆ. ತಪ್ಪು ಯಾರದೆಂದು ಗೊತ್ತಿದ್ದೂ ಬಡವನನ್ನು ಶಿಕ್ಷಿಸುವವರ ಬಗ್ಗೆ ಒಂದು, ಪರರ ಕಾಲನ್ನು ತಮ್ಮ ಕಾಲಿನಿಂದ ಅಳೆಯುವವರ ಬಗ್ಗೆ ಒಂದು, ಹೀಗೆ ಒಟ್ಟು ಹದಿನಾಲ್ಕು ವಾಕ್ಯಗಳು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಂಥ ಅವಕಾಶ ಮನುಷ್ಯನಿಗೆ ಒಂದೇ ಸಲ ಸಿಗುವುದು. ನಾನು ಎದೆ ಸೆಟೆಸಿ, ಕಾರಿನ ಹತ್ತಿರ ಹೋಗಿ ನಿಂತೆ.

“ಎಷ್ಟಾಯ್ತ್ರೀ?” ಎಂದರು ಅವರು.

“ಒಂದು ಸೊನ್ನೆ ಸಾರ್. ನಮ್ಮದೇ ಸಾರ್” ಎಂದುಬಿಟ್ಟೆ.