ಬಲ ತೋಳಿನ ನವಿಲು

ನನಗೆ ಕಂಪ್ಯೂಟರ್ ಗೊತ್ತು ಎಂದು ನಂಬಿದವನು ಸಿಂಧನೂರಿನಲ್ಲಿ ನಾನೊಬ್ಬನೇ. ಆ ನಂಬಿಕೆ ಹೋದ ಶನಿವಾರ ಮಧ್ಯಾಹ್ನದವರೆಗೂ ಗಟ್ಟಿಯಾಗಿತ್ತು.

ಹೆಂಡತಿ ಗಿರಿಜಾ ಮನೆಯಲ್ಲೇ ಕಸೂತಿ ಮಿಷನ್ ನಡೆಸುತ್ತಾಳೆ. ಅಂದು ಮದುಮಗಳೊಬ್ಬಳ ಕುಪ್ಪಸ, ಮರುದಿನವೇ ಮದುವೆ. ಎಡ ತೋಳಿನ ನವಿಲು ಮುಗಿದಿತ್ತು. ಬಲ ತೋಳಿಗೆ ಅದೇ ನವಿಲನ್ನು ಕಂಪ್ಯೂಟರಿನಲ್ಲಿ ಎದುರು ದಿಕ್ಕಿಗೆ ತಿರುಗಿಸಬೇಕಿತ್ತು. ಮದುಮಗಳ ತಾಯಿ ತುರ್ವಿಹಾಳದಿಂದ ಬಂದು, ಕುಪ್ಪಸ ಹಿಡಿದೇ ಸಂಜೆ ಬಸ್ಸು ಹತ್ತಬೇಕೆಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದರು.

ಕಸೂತಿಯ ತಂತ್ರಾಂಶ ನಿಧಾನವಾಗಿ ತೆರೆಯುತ್ತಿತ್ತು.

"ಇದು ಹಳೇದಾತು. ಮೂಲ ಕೋಡ್ ತಂದು ಹೊಸಾದು ನಾನ ಕಟ್ಟಿಕೊಡ್ತೀನಿ. ಐದು ನಿಮಿಷ" ಎಂದೆ.

"ನಿಧಾನಾದ್ರೂ ತೆರೀತೈತಲ್ರೀ, ಕೈ ಹಚ್ಚಬ್ಯಾಡ್ರಿ" ಎಂದಳಂತೆ ಗಿರಿಜಾ. ನನಗೆ ನೆನಪಿಲ್ಲ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ನಮ್ಮ ಕಂಪ್ಯೂಟರ್ ನಡೆಸುವ ಲಿನಕ್ಸ್‌ನಲ್ಲಿ ತಂತ್ರಾಂಶ ಹಾಕುವುದೆಂದರೆ ಮದುವೆಗೆ ಕರೆದಂತೆ. ಒಬ್ಬರನ್ನು ಕರೆದರೆ ಅವರ ಬೀಗರನ್ನೂ ಕರೆಯಬೇಕು. ಇಷ್ಟು ದಿನ ಪ್ಯಾಕೇಜ್ ಮ್ಯಾನೇಜರ್ ಎಂಬ ಹಿರಿಯರು ಅದನ್ನೆಲ್ಲ ನೋಡಿಕೊಳ್ಳುತ್ತಿದ್ದರು. ನಾನು ಅವರನ್ನು ಬದಿಗಿಟ್ಟು ಸ್ವತಃ ಕರೆಯಲು ಹೊರಟೆ. ಹೊಸ ತಂತ್ರಾಂಶ ಲೈಬ್ರರಿ ಎಂಬ ಒಂದು ಬಿಡಿಭಾಗ ಕೇಳಿತು. ಅದು ಇನ್ನೊಂದನ್ನು ಕೇಳಿತು. ಆ ಇನ್ನೊಂದು, ತನ್ನ ಹಳೆಯ ಆವೃತ್ತಿ ಒಳಗಿರುವ ತನಕ ತಾನು ಹೊಸ್ತಿಲು ತುಳಿಯುವುದಿಲ್ಲವೆಂದು ಹಟ ಹಿಡಿಯಿತು. ಹಳೆಯದನ್ನು ಹೊರಹಾಕಲು ಆಜ್ಞೆ ಕೊಟ್ಟೆ. ಅದರ ಜೊತೆ ಹೋಗುವವರ ಹೆಸರುಗಳು ಪರದೆಯ ತುಂಬ ಬಂದವು. ಮುಂದುವರಿಯಲೇ ಎಂದೂ ಕಂಪ್ಯೂಟರ್ ಕೇಳಿತು. ಹೆಸರುಗಳನ್ನು ಓದಿದೆನೇ? ಓದಿದೆ ಎಂದೇ ಬರೆಯಲು ಕೈ ಹೋಗಿತ್ತು. ಓದಲಿಲ್ಲ. ಹೌದು ಎಂದು ಒತ್ತಿದೆ.

ಒಬ್ಬ ಕಾಕನನ್ನು ಚಪ್ಪರದಿಂದ ಎಬ್ಬಿಸಿದ್ದಕ್ಕೆ ಬೀಗರ ದಂಡೇ ಎದ್ದು ನಡೆಯಿತು! ಕಸೂತಿ ಹೋಯಿತು. ಮೌಸಿನ ಬಾಣ ಹೋಯಿತು. ಹೋದವರನ್ನು ಮರಳಿ ಕರೆಯಲು ಬೇಕಾದ ಇಂಟರ್ನೆಟ್ಟೂ ಹೋಯಿತು. ಉಳಿದದ್ದು ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಗೆರೆ.

"ಮಿಷನ್ ಕೆಟ್ಟೈತೇನವಾ?" ಮದುಮಗಳ ತಾಯಿ ಕೇಳಿದರು.

"ಕೆಟ್ಟಿಲ್ರೀ ಅಕ್ಕಾರ" ಎಂದಳು ಗಿರಿಜಾ. "ಚಲೋನ ಇತ್ತು. ಇವ್ರು ಸುಧಾರಿಸ್ಯಾರ."

ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಬೆವರುತ್ತ, ನೆನಪಾದ ಆಜ್ಞೆಗಳನ್ನೆಲ್ಲ ಒತ್ತಿದೆ. ಗೆರೆ ಮಿನುಗುತ್ತಲೇ ಇತ್ತು.

"ಒಂದು ತೋಳಿಗೆ ನವಿಲು, ಒಂದು ತೋಳು ಬೋಳು. ಮಂದ್ಯಾಗ ಹೆಂಗ ತೊಡತಾಳವಾ ನನ್ನ ಮಗಳು?" ತಾಯಿ ಬೋಳು ತೋಳನ್ನು ಎತ್ತಿ ತೋರಿಸಿದರು.

ಗಿರಿಜಾ ಪೆಟ್ಟಿಗೆಯಿಂದ ಜರಿ ಅಂಚು ತೆಗೆದಳು. ಎರಡೂ ತೋಳಿಗೆ ಅದನ್ನೇ ಹಚ್ಚುವುದೆಂದಾಯಿತು. ಮುಗಿದಿದ್ದ ನವಿಲನ್ನು ಮಾತ್ರ ಎಳೆ ಎಳೆಯಾಗಿ ತೆಗೆಯಬೇಕು. ಆ ತೋಳನ್ನೂ ಒಂದು ಬ್ಲೇಡನ್ನೂ ನನ್ನ ಮಡಿಲಿಗೆ ಹಾಕಿದಳು.

"ಇವ್ರ ಕೈಯಾಗ ಕೊಡ್ತೀಯೇನವಾ?" ತಾಯಿ ಗಾಬರಿಯಾದರು.

"ಹೆದರಬ್ಯಾಡ್ರಿ ಅಕ್ಕಾರ. ಬಿಚ್ಚೂದು ಇವ್ರಿಗೆ ಚಲೋ ಬರತೈತಿ."