ಭಾವನ ಫಟಫಟಿಯ ಹಿಂದಿನ ಸೀಟು

ಮೋಟಾರು ಸೈಕಲ್ಲನ್ನು ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಮನುಷ್ಯರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ! ನಂಬಿಕೆ ಬರದಿದ್ದರೆ ಬಿಡಿ, ನನಗೂ ಕಣ್ಣಾರೆ ನೋಡುವ ತನಕ ಬಂದಿರಲಿಲ್ಲ. ಮೂಗುದಾರ ಒಂದು ಹಾಕಿರಲಿಲ್ಲ ಅನ್ನುವುದನ್ನು ಬಿಟ್ಟರೆ ಉಳಿದ ಉಪಚಾರವೆಲ್ಲ ಸಾಂಗವಾಗಿ ನಡೆಯುತ್ತಿತ್ತು. ರಾತ್ರಿ ಅದಕ್ಕೊಂದು ಕಂಬಳಿ. ಬೆಳಿಗ್ಗೆ ಅದನ್ನು ಒದೆಯುವ ಮೊದಲು ಬೆನ್ನು ತಟ್ಟಿ, “ಹೋ... ಹೋ... ಏಳು ಮಗ, ಏಳು” ಎಂಬ ಸುಪ್ರಭಾತ. ಅದು ಏಳುತ್ತಿತ್ತೇ? ಎಲ್ಲಿಯ ಮಾತು! ಭಾವ ಬೆವರಿಳಿಯುವ ತನಕ ಒದ್ದ ಮೇಲೆ ಒಮ್ಮೆ ಕೆಮ್ಮಿ, ಹೊಗೆ ಉಗುಳಿ, ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿ, ಆಮೇಲೆ ತಾನು ಏಳುತ್ತಿತ್ತು.

ಭಾವ ಮಂಡ್ಯದಲ್ಲಿ ದನದ ಡಾಕ್ಟರು. ನಮ್ಮ ಅಕ್ಕನ ಗಂಡ. ಯುದ್ಧ ಶುರುವಾದಾಗ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟ ಬಿಳಿ ಇಂಜಿನಿಯರೊಬ್ಬ ಆ ಗಾಡಿಯನ್ನು ಇವರಿಗೆ ಮಾರಿ ಹೋಗಿದ್ದ. ಜನ ಅದನ್ನು ಫಟಫಟಿ ಎನ್ನುತ್ತಿದ್ದರು. ಅದರ ಸದ್ದಿಗೆ ಮನೆಯ ಎತ್ತುಗಳು ಮೊದಲ ದಿನ ಹಗ್ಗ ಕಿತ್ತುಕೊಂಡು ಓಡಿದವಂತೆ. ಅವಕ್ಕೆ ಪರಿಚಯವಾಗಲಿ ಅಂತ ಭಾವ ಅದನ್ನು ತಂದು ಅವುಗಳ ಪಕ್ಕದಲ್ಲೇ ಕಟ್ಟಿದರು. ಎತ್ತುಗಳಿಗೆ ಬೇಗ ಪರಿಚಯವಾಯಿತು, ಮನೆಯವರಿಗೆ ತಡವಾಯಿತು ಅಷ್ಟೆ.

ಆ ವರ್ಷದ ಸಂಕ್ರಾಂತಿಯ ಸಂಜೆ ನಾನೂ ಮಂಡ್ಯದಲ್ಲಿದ್ದೆ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೀದಿಯಲ್ಲಿ ಹುಲ್ಲಿಗೆ ಬೆಂಕಿ ಹಾಕಿ ಕಿಚ್ಚು ಹಾಯಿಸಲು ಎಲ್ಲ ಸಿದ್ಧವಾಗಿತ್ತು. ಭಾವನ ಅಪ್ಪ, ಆ ಮನೆಯ ಯಜಮಾನರು, ಕೊಟ್ಟಿಗೆಯ ಕಡೆ ಕೋಲು ತೋರಿಸಿ, “ಅದ್ನೂ ಈಚೀಗೆ ತತ್ತಾ” ಅಂದರು.

“ಅಪ್ಪಾ, ಅದು ಮಿಷಿನ್ನು.”

“ಕೊಟ್ಟಿಗೇಲಿ ಕಟ್ಟಿದ್ ಮ್ಯಾಲೆ ಅದೂ ದನವೇ ಕಣ್ಲಾ. ಕಿಚ್ಚಾಯಿಸ್ದೆ ಇದ್ರೆ ದಿಷ್ಟಿ ಆಯ್ತದೆ.”

“ಅದ್ರ ಒಟ್ಟೆ ತುಂಬ ಪೆಟ್ರೋಲ್ ಐತೆ, ಅಪ್ಪಾ!”

“ಇರ್ಲಿ ಬುಡು. ಎತ್ತಿನ್ ಒಟ್ಟೆ ತುಂಬ ಹುಲ್ಲಿಲ್ವಾ? ಅದೇನ್ ಅತ್ಕಂಡ್ ಉರೀತದಾ?”

ಈ ತರ್ಕಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ, ನೀವೇ ಹೇಳಿ! ಭಾವ ತೆಪ್ಪಗೆ ಪೆಟ್ರೋಲನ್ನೆಲ್ಲ ಒಂದು ಡಬ್ಬಕ್ಕೆ ಬಸಿದು ದೂರ ಇಟ್ಟು ಬಂದರು. ಹ್ಯಾಂಡಲಿಗೆ ಚೆಂಡುಹೂವಿನ ಹಾರ, ದೀಪಕ್ಕೆ ಅರಿಶಿನ. ನಾಲ್ಕು ಆಳುಗಳು ಹಗ್ಗ ಬಿಗಿದು, ಹಟ ಹಿಡಿದ ಎಮ್ಮೆಯನ್ನು ಎಳೆದ ಹಾಗೆ, ಅದನ್ನು ಕಿಚ್ಚು ಹಾಯಿಸಿದರು. ಹಿಂದಿನ ಚಕ್ರ ಸ್ವಲ್ಪ ಬಾಡಿತು. ದೃಷ್ಟಿ ಮಾತ್ರ ತಾಗಲಿಲ್ಲ.

ಸಂಕ್ರಾಂತಿಯಿಂದ ಶಿವರಾತ್ರಿಯ ತನಕ ಬರುವ ಭಾನುವಾರಗಳು ಭಾವನ ಪಾಲಿಗೆ ಹಬ್ಬ. ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು. ಸರ್ಕಾರ ಕೊಡುವ ಪೆಟ್ರೋಲನ್ನು ಅವರು ದನಗಳ ಕೆಲಸಕ್ಕಲ್ಲದೆ ಒಂದು ತೊಟ್ಟೂ ಸುಡುತ್ತಿರಲಿಲ್ಲ. ತಮ್ಮ ಸ್ವಂತ ಪಾಲಿನದನ್ನು ವರ್ಷವೆಲ್ಲ ಕೂಡಿಟ್ಟು ಈ ಕೆಲವೇ ಭಾನುವಾರಗಳಿಗೆ ಇಟ್ಟುಕೊಳ್ಳುತ್ತಿದ್ದರು. “ಬ್ಯಾಸಿಗೇಲಿ ಅದಕ್ಕೆ ತಲೆ ಕಾಯ್ತದೆ, ಮಳೇಲಿ ನೆಗಡಿ ಆಯ್ತದೆ. ಈ ಚಳಿ ಬುಡೋ ಕಾಲ್ದಲ್ಲೇ ಅದ್ರ ಮೈಗೆ ಹಿತ” ಎಂದು ಅವರ ವೈದ್ಯಶಾಸ್ತ್ರ. ಹಿತ ಯಾರ ಮೈಗೆ ಅನ್ನುವುದು ನೋಡಿದವರಿಗೆಲ್ಲ ಗೊತ್ತಿತ್ತು! ಅಂಗಿಯ ಒಳಗೆ ಹಳೆಯ ಪತ್ರಿಕೆ, ಮೇಲೆ ಕೋಟು, ಕಿವಿಗೆ ಮಫ್ಲರು, ಮುಖದ ತುಂಬ ನಗು. ಮಂಡ್ಯದಿಂದ ಮದ್ದೂರಿಗೆ ಬರುವರು. ಅಲ್ಲಿ ಮೇಷ್ಟರಾಗಿದ್ದ ನನ್ನನ್ನು ಹಿಂದೆ ಹತ್ತಿಸಿಕೊಂಡು ಮಳವಳ್ಳಿಗೆ, ನಮ್ಮ ಮನೆಗೆ. ಸಂಜೆ ವಾಪಸು.

ನಿಜ ಹೇಳುತ್ತೇನೆ, ಆ ಸವಾರಿಯ ಸುಖ ಆಮೇಲೆ ಯಾವ ಕಾರಿನಲ್ಲೂ ನನಗೆ ಸಿಗಲಿಲ್ಲ. ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರುವುದಿಲ್ಲ. ಆಲೆಮನೆಯ ಹತ್ತಿರ ಬಂದರೆ ಕಾಯುವ ಬೆಲ್ಲದ ವಾಸನೆ ಮುಖಕ್ಕೇ ಬಡಿಯುತ್ತದೆ. ಬೆನ್ನಿಗೆ ಎಳೆಬಿಸಿಲು, ಎದೆಗೆ ಚಳಿ. ಎಲ್ಲಾದರೂ ಇಳಿದು ಒಂದು ಲೋಟ ಕಬ್ಬಿನ ಹಾಲು ಕುಡಿದರೆ ಮನುಷ್ಯನಿಗೆ ಇನ್ನೇನು ಬೇಕು!

ಆದರೆ ಭಾವನ ಸವಾರಿಗೊಂದು ನಿಯಮವಿತ್ತು. ಎದುರಿಗೆ ಎತ್ತಿನ ಗಾಡಿ ಕಂಡರೆ ಸಾಕು, ಇಂಜಿನ್ ಬಂದ್. ಎತ್ತು ಬೆದರಬಾರದು. ನಾವಿಬ್ಬರೂ ಇಳಿದು, ದೇವರ ಉತ್ಸವ ಹೋಗುವಾಗ ನಿಲ್ಲುವ ಹಾಗೆ, ರಸ್ತೆ ಬದಿಗೆ ನಿಲ್ಲಬೇಕು. ಗಾಡಿ ದಾಟಿದ ಮೇಲೆ ಮತ್ತೆ ಒದೆತ. ಅದೋ ಕಬ್ಬು ಕಡಿಯುವ ಕಾಲ! ಕಾರ್ಖಾನೆಗೆ ಕಬ್ಬು ತುಂಬಿ ಹೊರಟ ಗಾಡಿಗಳು ಸಾಲುಸಾಲು. ಭಾವನಿಗೆ ಬೇಸರವೇ? ಇಲ್ಲ. ಗಾಡಿಯವನ ಮುಖ ನೋಡದೆ ನೇರ ಎತ್ತಿನ ಹತ್ತಿರ ಹೋಗಿ, ಕೊರಳ ಕೆಳಗೆ ಜೋಲುವ ಗಂಗೆದೊಗಲು ನೀವುತ್ತ, “ಏನಪ್ಪಾ, ಗೊರಸು ವಾಸಿಯಾಯ್ತಾ? ಮೇವು ತಿಂತಿದ್ದೀಯಾ?” ಎಂದು ಕ್ಷೇಮಸಮಾಚಾರ ಶುರು. ಹಳೆಯ ನೆಂಟರು ಸಿಕ್ಕ ಹಾಗೆ!

ಎತ್ತಿನ ಜೊತೆ ಇಷ್ಟು ಮಾತಾಡುವ ಮನುಷ್ಯ ಮನೆಯಲ್ಲಿ ಹೇಗಿದ್ದರು ಅಂತೀರಾ? ಮೂಕ. ಅದು ಅವರೊಬ್ಬರ ತಪ್ಪಲ್ಲ ಬಿಡಿ. ತುಂಬಿದ ಮನೆ. ಅಪ್ಪ, ಅಮ್ಮ, ಅಣ್ಣಂದಿರು, ಅತ್ತಿಗೆಯರು. ಹಿರಿಯರ ಎದುರು ಹೆಂಡತಿಯನ್ನು ಮಾತಾಡಿಸುವುದು ಆಗ ಮರ್ಯಾದೆಯಲ್ಲ. ನೀರು ಬೇಕಾದರೆ ಭಾವ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು: “ಬಿಸಿನೀರು ಕಾದಿತ್ತೇನೋ.” ಅಕ್ಕ ಅಡುಗೆಮನೆಯ ಬೆಕ್ಕಿಗೆ ಉತ್ತರ ಕೊಡುತ್ತಿದ್ದಳು: “ಕಾದು ಆರ್‍ತಾ ಐತೆ ಕಣೇ.” ಆ ಕಂಬವೂ ಆ ಬೆಕ್ಕೂ ಇಲ್ಲದಿದ್ದರೆ ಅವರ ಸಂಸಾರ ಹೇಗೆ ಸಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಇಂಥ ಮನೆಯ ಸೊಸೆ ಫಟಫಟಿಯ ಹಿಂದೆ ಕೂರುವುದುಂಟೇ! ಆದರೂ ಒಂದು ಮಾಘದ ಭಾನುವಾರ ಕೂತಳು. ಮಳವಳ್ಳಿಯಲ್ಲಿ ನಮ್ಮ ಅಮ್ಮನಿಗೆ ಜ್ವರ. ಆಗಿನ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಅಂದರೆ ಓಡಿದರೆ ಓಡುತ್ತಿದ್ದವು. ಅವತ್ತು ಮಂಡ್ಯದ ಬಸ್ಸು ಮುಷ್ಕರ ಹೂಡಿದ ಹಾಗೆ ಕೂತುಬಿಟ್ಟಿತು. ಬೇರೆ ದಾರಿಯಿಲ್ಲದೆ ಯಜಮಾನರು, “ಊರು ದಾಟೋಗಂಟ ತಲೆ ಮ್ಯಾಲೆ ಸೆರಗಿರ್ಲಿ” ಎಂದು ಅಪ್ಪಣೆ ಕೊಟ್ಟರು.

ನಾನು ಮದ್ದೂರಿನ ಹೋಟೆಲಿನ ಮುಂದೆ ಕಾಯುತ್ತಿದ್ದೆ. ದೂರದಿಂದ ಫಟಫಟಿ ಬಂತು. ಭಾವನ ಮುಖದಲ್ಲಿ ನಾನು ಎಂದೂ ಕಾಣದ ಉತ್ಸಾಹ. ಗಂಟಲು ಹರಿಯುವ ಹಾಗೆ ಏನೋ ಹೇಳುತ್ತ, ತಲೆ ಆಡಿಸುತ್ತ, ನಗುತ್ತ ಬಂದು ನನ್ನ ಮುಂದೆ ನಿಲ್ಲಿಸಿ, “...ಏನಂತೀಯೆ ನೀನು?” ಎಂದು ಹಿಂದಕ್ಕೆ ತಿರುಗಿದರು.

ಹಿಂದಿನ ಸೀಟಿನಲ್ಲಿ ಅಕ್ಕ ಇರಲಿಲ್ಲ!

ಆ ಮುಖದ ರಕ್ತವೆಲ್ಲ ಇಳಿದು ಹೋಯಿತು. ಭಾವ ಗಾಡಿ ತಿರುಗಿಸಿದರು, ನಾನು ಹಿಂದೆ ಹಾರಿ ಕೂತೆ. ಒಂದೆರಡು ಮೈಲಿ ಹೋಗುವಷ್ಟರಲ್ಲಿ, ಕಬ್ಬು ಇಳಿಸಿ ಊರಿಗೆ ಮರಳುತ್ತಿದ್ದ ಒಂದು ಖಾಲಿ ಎತ್ತಿನ ಗಾಡಿ ಎದುರಾಯಿತು. ಮೇಲೆ ಕಾಲು ಇಳಿಬಿಟ್ಟು ಕೂತು ಅಕ್ಕ ಕಬ್ಬಿನ ಜಲ್ಲೆ ಸಿಗಿಯುತ್ತಿದ್ದಾಳೆ! ಇಷ್ಟು ಗಾಬರಿಯಲ್ಲೂ ಭಾವ ಎತ್ತು ಕಂಡ ತಕ್ಷಣ ಇಂಜಿನ್ ಬಂದ್ ಮಾಡಿದರು, ನೋಡಿ.

“ಏನ್ ಡಾಕ್ಟ್ರೇ,” ಎಂದ ಗಾಡಿಯವನು, “ಎತ್ ಬೆದರ್‍ತದೆ ಅಂತ ನಿಲ್ಸದೇನು, ಎಂಡ್ತೀನ ಬೀದೀಲಿ ಬುಟ್ಬುಟ್ಟು ಓಗದೇನು!”

ನಡೆದದ್ದು ಇಷ್ಟೆ. ಗೆಜ್ಜಲಗೆರೆಯ ಹತ್ತಿರ ನಿಯಮದ ಪ್ರಕಾರ ಇಬ್ಬರೂ ಇಳಿದು ಗಾಡಿಸಾಲಿಗೆ ದಾರಿ ಬಿಟ್ಟಿದ್ದಾರೆ. ಸಾಲು ದಾಟಿದೆ. ಫಟಫಟಿ ಒಂದೇ ಒದೆತಕ್ಕೆ, ತನ್ನ ಜನ್ಮದಲ್ಲೇ ಮೊದಲ ಸಲ, ಸ್ಟಾರ್ಟ್ ಆಗಿದೆ! ಆ ಸಂತೋಷದಲ್ಲಿ ಭಾವ ಹೊರಟೇಬಿಟ್ಟಿದ್ದಾರೆ. ಹೆಂಡತಿ ಕೂತಳೆಂದೇ ತಿಳಿದು ಮದ್ದೂರಿನವರೆಗೂ ಮಾತಾಡಿಕೊಂಡು ಬಂದಿದ್ದಾರೆ.

ಈ ಕತೆಯನ್ನು ಅಕ್ಕ ನೆಂಟರಿಷ್ಟರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳಿ ನಗಿಸುತ್ತಿದ್ದಳು. ಅವಳು ಶುರುಮಾಡಿದರೆ ಭಾವ ಮೆಲ್ಲಗೆ ಎದ್ದು ಕೊಟ್ಟಿಗೆಗೆ ಹೋಗಿ ಗಾಡಿ ಒರೆಸತೊಡಗುತ್ತಿದ್ದರು. ಅಕ್ಕನನ್ನು ಮತ್ತೆ ಎಂದೂ ಕೂರಿಸಿಕೊಳ್ಳಲಿಲ್ಲ. ನನ್ನ ಪಾಡಂತೂ ಕೇಳಬೇಡಿ. ಮುಂದಿನ ಚಳಿಗಾಲದ ಭಾನುವಾರಗಳಲ್ಲಿ ಫರ್ಲಾಂಗಿಗೊಮ್ಮೆ “ಇದ್ದೀಯೇನಪ್ಪಾ?” ಎಂದು ಕೂಗುವರು. “ಇದ್ದೀನಿ ಭಾವ!” ಎಂದು ನಾನು ಕೂಗಬೇಕು. ಮಂಜಿನ ಗಾಳಿಗೆ ಬಾಯಿ ಬಿಟ್ಟು ಬಿಟ್ಟು ಗಂಟಲು ಕಟ್ಟಿ, ಸೋಮವಾರ ತರಗತಿಯಲ್ಲಿ ಪಾಠದ ಬದಲು ಕೈಸನ್ನೆ ಮಾಡುತ್ತಿದ್ದೆ!

ಅದೇ ಚಳಿಗಾಲದಲ್ಲಿ ಒಮ್ಮೆ ಮಂಡ್ಯಕ್ಕೆ ಹೋಗಿದ್ದಾಗ ಅಕ್ಕ ಹಿತ್ತಿಲಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದಳು.

“ನಿಮ್ ಬಾವಂಗೆ ಒಂದ್ ಮಾತು ಯೋಳ್ಲಾ. ನನ್ನ ಒಂದ್ಸಲ ಅದ್ರ ಮ್ಯಾಲೆ ಕೂರಿಸ್ಕಳ್ಳಿ ಅಂತ.”

“ಬೀದಿಯಲ್ಲಿ ಬಿಟ್ಟು ಹೋಗಿದ್ದು ಸಾಲದೇನಕ್ಕ?” ಎಂದು ನಕ್ಕೆ.

ಅವಳು ನಗಲಿಲ್ಲ. “ಅವತ್ತು ಮದ್ದೂರ್‌ಗಂಟ ಮಾತಾಡ್ಕಂಡ್ ಬಂದ್ರಲ್ಲ, ಏನ್ ಮಾತಾಡಿದ್ರು? ನಿಂಗ್ ಕೇಳುಸ್ತಾ?”

“ಕೊನೇ ಮಾತೊಂದು ಕೇಳಿಸ್ತು. ಏನಂತೀಯೆ ನೀನು, ಅಂದ್ರು.”

ಅವಳ ಕೈ ನಿಂತಿತು. “ನನ್ ಮದ್ವೆಯಾಗಿ ಇಷ್ಟ್ ವರ್ಸ ಆಯ್ತು. ಈ ಮನೇಲಿ ಯಾರೂ ಒಂದ್ಸಲಾನೂ ನನ್ನ ಏನಂತೀಯೆ ಅಂತ ಕೇಳಿಲ್ಲ ಕಣ್ಲಾ. ಅವ್ರು ಕೇಳವ್ರೆ. ಕೇಳ್ದಾಗ ನಾನೇ ಇರ್ನಿಲ್ಲ.” ಮತ್ತೆ ಕಾಳು ಹಿದುಕತೊಡಗಿದಳು. “ಮನೇಲಂತೂ ಬಾಯ್ ಬುಡಕ್ಕಿಲ್ಲ. ಅದ್ರ ಮ್ಯಾಲೆ ಕೂತ್ರೇ ಅವ್ರಿಗೆ ಮಾತು ಬರಾದು.”

ನನಗೆ ನಾಚಿಕೆಯಾಯಿತು. ವರ್ಷವೆಲ್ಲ ನಾವು ನಕ್ಕ ಕತೆಯ ಒಳಗೆ ಇಷ್ಟು ದೊಡ್ಡ ಹಸಿವು ಕೂತಿತ್ತಲ್ಲ!

ಮುಂದಿನ ಭಾನುವಾರ ಮದ್ದೂರಿನಲ್ಲಿ ಶಿಂಷಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಬಿಸಿಲು ಕಾಯಿಸುತ್ತಿದ್ದಾಗ ವಿಷಯ ಎತ್ತಿದೆ. ಭಾವ ಹೊಳೆಯನ್ನೇ ನೋಡುತ್ತಿದ್ದರು.

“ಬ್ಯಾಡ ಕಣಪ್ಪ,” ಅಂದರು ಕೊನೆಗೆ. “ಹಿಂದಕ್ಕೆ ತಿರುಗಿ ನೋಡ್ದಾಗ ಅವ್ಳು ಇರ್ನಿಲ್ವಲ್ಲ, ಆ ಗಳಿಗೆ ಇನ್ನೊಂದ್ಸಲ ನಂಗ್ ಬ್ಯಾಡ.”

“ನೀವು ಅವತ್ತು ಕೇಳಿದ ಮಾತಿಗೆ ಅಕ್ಕ ಉತ್ತರ ಹೇಳಬೇಕಂತೆ, ಭಾವ. ಆದರೆ ನೀವೇನು ಹೇಳಿದ್ರಿ ಅನ್ನೋದೇ ಅವಳಿಗೆ ಗೊತ್ತಿಲ್ಲ.”

ಅವರು ಗಾಡಿ ಒದ್ದರು. ಮಳವಳ್ಳಿ ಸೇರುವ ತನಕ ನನ್ನನ್ನು ಒಮ್ಮೆಯೂ ಇದ್ದೀಯಾ ಎಂದು ಕೇಳಲಿಲ್ಲ. ಬಿದ್ದಿದ್ದರೆ ಬಿದ್ದೇ ಹೋಗುತ್ತಿದ್ದೆ!

ಶಿವರಾತ್ರಿಗೆ ಮುಂಚಿನ ಭಾನುವಾರ. ಚಳಿ ಶಿವಶಿವಾ ಎನ್ನಲು ಇನ್ನು ಕೆಲವೇ ದಿನ. ಮದ್ದೂರಿನಲ್ಲಿ ಕಾಯುತ್ತಿದ್ದವನ ಮುಂದೆ ಫಟಫಟಿ ಬಂದು ನಿಂತಿತು. ಹಿಂದೆ ಅಕ್ಕ, ತಲೆಯ ಮೇಲೆ ಸೆರಗು, ಎರಡು ಕೈಯಲ್ಲೂ ಭಾವನ ಕೋಟು ಭದ್ರ. ಆಮೇಲೆ ತಿಳಿಯಿತು, ಆ ಬೆಳಿಗ್ಗೆ ಭಾವ ನಡುಮನೆಯಲ್ಲಿ ಅಪ್ಪ ಅಮ್ಮನ ಎದುರೇ ನಿಂತು, ಯಾವ ಕಂಬಕ್ಕೂ ಹೇಳದೆ, “ಒರಡು, ನಿಮ್ಮೂರ್‌ಗೆ ಓಗನ” ಎಂದು ನೇರ ಅಕ್ಕನಿಗೇ ಹೇಳಿದರಂತೆ! ಅತ್ತೆಯ ಕೈಯ ಸೌಟು ಕೆಳಗೆ ಬಿತ್ತಂತೆ. ಯಜಮಾನರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಅಗಿದರಂತೆ.

“ನೀನು ಬಸ್ಸಲ್ಲಿ ಬಾರಪ್ಪ” ಎಂದು ಭಾವ ಹೊರಟರು. ನಾನು ಮದ್ದೂರಿನಲ್ಲಿ ಮಧ್ಯಾಹ್ನದವರೆಗೆ ಕಾದು ಇದ್ದಿಲ ಬಸ್ಸು ಹತ್ತಿದೆ. ಬೂದಿ, ಹೊಗೆ, ಕೆಮ್ಮು. ನಡುದಾರಿಯಲ್ಲಿ ದೊಡ್ಡಿ ಎಂಬ ಊರು ದಾಟಿದ ಮೇಲೆ ನೋಡುತ್ತೇನೆ, ರಸ್ತೆ ಬದಿಯಲ್ಲಿ ಭಾವ ಗಾಡಿಯನ್ನು ತಳ್ಳಿಕೊಂಡು ನಡೆಯುತ್ತಿದ್ದಾರೆ! ಪಕ್ಕದಲ್ಲಿ ಅಕ್ಕ. ಬಸ್ಸಿನ ಕಿಟಕಿಯಿಂದ ತಲೆಗಳೆಲ್ಲ ಹೊರಗೆ ಬಂದವು.

“ಕೆಟ್ಟೋಯ್ತಾ ಡಾಕ್ಟ್ರೇ?” ಎಂದು ಕಂಡಕ್ಟರು ಕೂಗಿದ.

“ಓಗ್ರಪ್ಪ, ಓಗಿ” ಎಂದು ಭಾವ ಕೈ ಬೀಸಿದರು, ಈ ಕಡೆ ತಿರುಗದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಬಾಗಿಲಿಗೂ ಬೀದಿಗೂ ಓಡಾಡಿದಳು. “ಅಷ್ಟ್ ದೂರ ನನ್ ಮಗ್ಳನ್ನ ನಡಿಸ್ಕಂಡ್ ಬತ್ತಾವ್ನಲ್ಲಾ, ಆ ಹಾಳು ಮಿಷಿನ್ನು ನೆಚ್ಕಂಡು!” ಎಂದು ಅಳಿಯನನ್ನು ಬೈದಳು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು. ಅಕ್ಕನ ಸೀರೆಯ ಅಂಚೆಲ್ಲ ಧೂಳು, ಚಪ್ಪಲಿ ಕೈಯಲ್ಲಿ. ಭಾವ ಗಾಡಿಯನ್ನು ಜಗಲಿಗೆ ಒರಗಿಸಿ ಕಾಲು ತೊಳೆಯಲು ಹಿತ್ತಿಲಿಗೆ ಹೋದರು.

ಏನು ಕೆಟ್ಟಿದೆ ನೋಡೋಣ ಅಂತ ನಾನು ಹತ್ತಿರ ಹೋದೆ. ಟ್ಯಾಂಕಿನ ಮುಚ್ಚಳ ತೆಗೆದೆ, ಪೆಟ್ರೋಲಿತ್ತು. ಒದ್ದು ನೋಡಿದೆ. ಒಂದೇ ಏಟಿಗೆ ಬೀದಿಯೆಲ್ಲ ನಡುಗುವ ಹಾಗೆ ಗುಡುಗಿತು! ಗಾಬರಿಯಲ್ಲಿ ಬಂದ್ ಮಾಡಿ ಅಕ್ಕನ ಮುಖ ನೋಡಿದೆ.

“ಕೆಟ್ಟಿಲ್ವಲ್ಲಕ್ಕ ಇದು!”

“ಕೆಟ್ಟೈತೆ ಅಂತ ಯಾರ್ ಯೋಳಿದ್ರು?” ಜಗಲಿಯ ಮೇಲೆ ಕೂತು ಪಾದ ನೀವಿಕೊಳ್ಳುತ್ತಿದ್ದ ಅಕ್ಕ ಮೆಲ್ಲಗೆ ಅಂದಳು. “ಅದ್ರ ಸದ್ನಲ್ಲಿ ಒಂದೂ ಕೇಳುಸ್ತಿರ್ನಿಲ್ಲ. ನಿಲ್ಸಿ ಅಂದೆ. ನಿಲ್ಸುದ್ರು.”

“ಅಲ್ಲಿಂದ ಇಲ್ಲೀವರೆಗೂ ಏನು ಮಾತಾಡಿದ್ರು?”

“ಮೊದ್ಲು ಕಾಲುಬಾಯಿ ಜ್ವರದ್ ಸಮಾಚಾರ. ಆಮ್ಯಾಕೆ ಅದ್ಯಾವ್ದೋ ಎತ್ತಿನ್ ಗೊರಸು.” ನಗಲು ಹೋದವಳ ಕಣ್ಣು ತುಂಬಿಕೊಂಡಿತು. ಒರೆಸಿಕೊಳ್ಳಲೂ ಇಲ್ಲ. “ಅಲ್ಲಿಂದೀಚೀಗೆ ಆಡಿದ್ದು ನಿಂಗ್ ಯೋಳಕ್ಕಿಲ್ಲ ಬುಡ್ಲಾ. ಅದು ನಂದು.”