ಹಳದಿ ಗೆರೆಯೊಳಗೆ ನಿಂತ ಬಿಳಿ ಕಾರಿನ ವಿಚಾರ

ಹಾರ್ಲನ್ ಫೋರ್ಕ್ ಶಾಲೆಗಳ ಸೂಪರಿಂಟೆಂಡೆಂಟ್ ಡಾ. ಥರ್ಮನ್ ಗೈಗರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಮೂವತ್ತೊಂದು ವರ್ಷಗಳಿಂದ ತಮ್ಮ ಹದಿನಾಲ್ಕನೇ ನಂಬರಿನ ಶಾಲಾ ಬಸ್ಸು ಓಡಿಸುತ್ತಿರುವ ವರ್ನಾ ಕೋಹರ್ ಎಂಬ ನಾನು, ತಮಗೂ ತಮ್ಮ ಬಿಳಿ ಕಾರಿಗೂ ಸಕಲ ಸೌಖ್ಯವನ್ನು ಹಾರೈಸಿ, ನಮ್ಮ ಹೈಸ್ಕೂಲಿನ ಕಾನೂನು ಮತ್ತು ಸಾರ್ವಜನಿಕ ಸುರಕ್ಷತೆಯ ವೃತ್ತಿ ತರಗತಿಯ ಮೇಲೆ ದೂರೊಂದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಅಲ್ಲಿ ಪಾಠ ವಿಪರೀತ ಚೆನ್ನಾಗಿ ನಡೆಯುತ್ತಿದೆ. ನನ್ನ ಮೊಮ್ಮಗಳು ಡೆಲೇನಿ ಅದನ್ನು ನಿಜವೆಂದೇ ನಂಬಿಬಿಟ್ಟಿದ್ದಾಳೆ.

ತುರ್ತು ಕರೆ ಸ್ವೀಕರಿಸುವ ಕೆಲಸಕ್ಕೆ ಸೇರಬೇಕೆಂದು ಎರಡು ವರ್ಷ ಕಲಿತ ಹುಡುಗಿ ಅವಳು. ಪ್ರಮಾಣಪತ್ರದ ಪರೀಕ್ಷೆಗೆ ಇನ್ನು ಆರು ವಾರ ಉಳಿದಿದೆ. ತರಗತಿಯ ಮಕ್ಕಳು ಬೆಳಿಗ್ಗೆ ಮಿನುಗುವ ಅಂಗಿ ತೊಟ್ಟು ಶಾಲೆಯ ಬಾಗಿಲಲ್ಲಿ ವಾಹನಗಳಿಗೆ ದಾರಿ ತೋರಿಸುವುದೂ, ತಪ್ಪಿದವರಿಗೆ ಗುಲಾಬಿ ಬಣ್ಣದ ಎಚ್ಚರಿಕೆ ಚೀಟಿಯನ್ನು ಮೂರು ಪ್ರತಿಗಳಲ್ಲಿ ಬರೆಯುವುದೂ ತಮಗೆ ತಿಳಿದದ್ದೇ. ಪಾಠ ಹೇಳುವ ನಿವೃತ್ತ ಪೊಲೀಸ್ ಸ್ಟಾಂಟ್ಸ್ ಅವರು ಮೊದಲ ದಿನವೇ, "ಕಾರು ಯಾರದು ಅಂತ ನೋಡ್ಬೇಡ್ರಪ್ಪ, ಗೆರೆ ಎಲ್ಲಿದೆ ಅಂತ ನೋಡಿ ಬರೀರಿ" ಎಂದು ಹೇಳಿ ಮಗುವಿನ ತಲೆ ಕೆಡಿಸಿದರು.

ಕಳೆದ ತಿಂಗಳು ತಾವು ಇದೇ ತರಗತಿಯ ಮಕ್ಕಳೊಂದಿಗೆ ಫೋಟೋ ತೆಗೆಸಿಕೊಳ್ಳಲು ದಯಮಾಡಿಸಿದಿರಿ. ತಮ್ಮ ಕಾರು ಬಾಗಿಲೆದುರಿನ, ಕಾರು ನಿಲ್ಲಿಸಬಾರದ ಹಳದಿ ಗೆರೆಯೊಳಗೆ ವಿರಾಜಮಾನವಾಯಿತು. ಆ ಜಾಗದಲ್ಲಿ ನನ್ನ ಬಸ್ಸಿನ ಇಳಿಜಾರು ಹಲಗೆ ಇಳಿಯುತ್ತದೆ, ಅದರ ಮೇಲೆ ಎಮೆಟ್ ಎಂಬ ಒಂಬತ್ತನೇ ತರಗತಿಯ ಹುಡುಗನ ಗಾಲಿಕುರ್ಚಿ ಇಳಿಯುತ್ತದೆ. ಅಂದು ನಾನು ಅವನನ್ನು ಮೈದಾನದ ಅಂಚಿನಲ್ಲಿ ಇಳಿಸಿ ಕೆಸರಿನಲ್ಲಿ ತಳ್ಳಿಕೊಂಡು ಹೋದೆ; ಚಕ್ರ ಹೂತುಕೊಂಡಾಗ ಆ ಹುಡುಗನೇ ನನಗೆ "ಸಾರಿ ಮಿಸ್ ವರ್ನಾ" ಅಂದ. ಡೆಲೇನಿ ಚೀಟಿ ಬರೆದು ತಮ್ಮ ಗಾಜಿನ ವೈಪರಿಗೆ ಸಿಕ್ಕಿಸಿ, ಒಳಗೆ ಹೋಗಿ ತಮ್ಮ ಪಕ್ಕದಲ್ಲೇ ನಿಂತು ನಗುತ್ತಾ ಫೋಟೋಗೆ ನಿಂತಳು. "ಅದು ಅವರ ಕಾರು ಅಂತ ಗೊತ್ತಿತ್ತೇನೇ?" ಎಂದು ಆಮೇಲೆ ಕೇಳಿದರೆ, "ಗೊತ್ತಿತ್ತಜ್ಜಿ, ನಂಬರ್ ಬರ್ಕೊಂಡ್ನಲ್ಲ" ಅಂದಳು.

ಅದಾದ ಸೋಮವಾರವೇ ಅವಳನ್ನು 'ವಿವೇಚನೆ ಸಾಲದು' ಎಂಬ ಕಾರಣಕ್ಕೆ ತರಗತಿಯಿಂದ ತೆಗೆದು ಕೇಕ್ ಅಲಂಕಾರದ ತರಗತಿಗೆ ಹಾಕಲಾಯಿತು. ಪ್ರಿನ್ಸಿಪಾಲ್ ಲಾಟ್ನರ್ ಮೇಡಂ ಅವರು ಕರುಣೆಯಿಂದ ಒಂದು ದಾರಿಯನ್ನೂ ತೋರಿಸಿದರು: "ಗೆರೆ ಮಾಸಿತ್ತು, ಕಾಣಿಸ್ಲಿಲ್ಲ ಅಂತ ಚೀಟೀಲಿ ಒಂದು ಸಾಲು ತಿದ್ದಿಬಿಡಮ್ಮ, ನಾಳೆನೇ ವಾಪಸ್ ಬಾ." ಇವಳು, "ಮಾಸಿರ್ಲಿಲ್ವಲ್ಲ ಮೇಡಂ, ಆಗಸ್ಟ್‌ನಲ್ಲಿ ನಾವೇ ಬಣ್ಣ ಹೊಡೆದಿದ್ವಿ" ಅಂದಳಂತೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂಬ ಮಾತು ಅವಳ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಸುಳ್ಳು ವರದಿ ಬರೆಯುವುದು ಅಪರಾಧ ಎಂಬುದು ಮಾತ್ರ ಇತ್ತು, ಪರೀಕ್ಷೆಗೂ ಬರುತ್ತದಂತೆ.

ಆದ್ದರಿಂದ ನನ್ನ ಬಿನ್ನಹವಿಷ್ಟು. ಕಾನೂನು ಯಾರಿಗೆ ಅನ್ವಯಿಸುವುದಿಲ್ಲ ಎಂಬ ಪಟ್ಟಿಯನ್ನು ಫೋಟೋ ಸಮೇತ ಮೊದಲ ವಾರವೇ ಮಕ್ಕಳಿಗೆ ಹಂಚುವಂತಾಗಲಿ. ತಮ್ಮ ಕಾರು ಎಲ್ಲಿ ನಿಂತರೂ ಅಲ್ಲಿಂದ ಗೆರೆಯೇ ಎದ್ದು ಪಕ್ಕಕ್ಕೆ ಸರಿಯುವಂಥ ವಿನಯಶೀಲ ಬಣ್ಣವನ್ನು ಜಿಲ್ಲೆ ಖರೀದಿಸಲಿ. ಅದು ಸಿಗದಿದ್ದರೆ ಎಮೆಟ್‌ನ ಕುರ್ಚಿಗೆ ರೆಕ್ಕೆ ಕಟ್ಟಿಸಿಕೊಡಿ. ಇವು ಯಾವುವೂ ಆಗದ ಪಕ್ಷದಲ್ಲಿ ಮಾತ್ರ, ಬೇರೆ ಗತಿಯೇ ಇಲ್ಲವೆಂದು, ಡೆಲೇನಿಯನ್ನು ಅವಳ ತರಗತಿಗೆ ಮರಳಿ ಸೇರಿಸಿ, ಅವಳು ಪರೀಕ್ಷೆ ಬರೆಯಲಿ. ಈ ಊರಲ್ಲಿ ಯಾರಿಗಾದರೂ ಎದೆ ನೋವು ಬಂದು ಫೋನು ಮಾಡಿದಾಗ, ಆ ಕಡೆಯಿಂದ ಕಂಡದ್ದನ್ನು ಕಂಡಂತೆ ಬರೆದುಕೊಳ್ಳುವ ಹುಡುಗಿಯ ದನಿ ಕೇಳಲಿ ಎಂಬುದು ನನ್ನ ಆಸೆ. ಆ ಫೋನು ತಮ್ಮ ಮನೆಯದೇ ಆದರೂ ಅವಳು ಅಷ್ಟೇ ಬೇಗ ಎತ್ತುತ್ತಾಳೆ.

ಕೆಸರು ಇನ್ನೂ ಪೂರ್ತಿ ತೊಳೆದಿರದ ಬೂಟುಗಳೊಂದಿಗೆ,
ತಮ್ಮ ವಿಶ್ವಾಸಿ,
ವರ್ನಾ ಕೋಹರ್

ತಾ.ಕ.: ಗುರುವಾರದ ಶಾಲಾ ಮಂಡಳಿ ಸಭೆಯಲ್ಲಿ ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತಾಡಲು ಅವಕಾಶವಿದೆಯಷ್ಟೆ. ನನ್ನ ಸರದಿಯನ್ನು ಡೆಲೇನಿಗೆ ಬಿಟ್ಟುಕೊಟ್ಟಿದ್ದೇನೆ. ಚೀಟಿಯ ಮೂರನೇ ಪ್ರತಿ ಬರೆದವರ ಬಳಿಯೇ ಉಳಿಯುತ್ತದೆ, ಅದನ್ನು ಓದಲು ಅವಳಿಗೆ ಒಂದು ನಿಮಿಷ ಸಾಕು. ಮಿಕ್ಕ ಎರಡು ನಿಮಿಷ ತಮ್ಮ ಉತ್ತರಕ್ಕೆ ಮೀಸಲು. ಬರುವಾಗ ಕಾರನ್ನು ದಯವಿಟ್ಟು ಗೆರೆಯಿಂದ ಆಚೆ ನಿಲ್ಲಿಸಿ, ಎಮೆಟ್ ಕೂಡ ಬರುತ್ತಿದ್ದಾನೆ.